ಅವ್ವ ರೊಟ್ಟಿ ಬಿಟ್ಟದ್ದು

ನಮ್ಮವ್ವ ಬದನೆಕಾಯಿ ಬಿಟ್ಟದ್ದು ನನ್ನ ಹತ್ತನೇ ತರಗತಿಯ ಫಲಿತಾಂಶಕ್ಕೆ. ಸಕ್ಕರೆ ಬಿಟ್ಟದ್ದು ತಂಗಿಯ ಹೆರಿಗೆಗೆ. ಸೋಮವಾರದ ಚಹಾ ಬಿಟ್ಟದ್ದು ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆಗೆ; ಅಪ್ಪ ತೀರಿಕೊಂಡು ವರ್ಷಗಳಾದವು, ಚಹಾ ಇನ್ನೂ ವಾಪಸ್ ಬಂದಿಲ್ಲ. ಘತ್ತರಗಿಯ ಭಾಗ್ಯವಂತಿ ದೇವಿಯ ಮುಂದೆ ನಿಂತು, ಯಾರದೋ ಒಳಿತಿಗಾಗಿ ತನಗೆ ಪ್ರಿಯವಾದದ್ದೊಂದನ್ನು ಬಿಡುವುದು ಅಫಜಲಪುರ ಕಡೆಯ ಅವಳ ತವರಿನ ಹೆಂಗಸರ ರೂಢಿ. ಒಂದು ನಿಯಮವಿದೆ: ತನಗಾಗಿ ಏನನ್ನೂ ಬಿಡುವಂತಿಲ್ಲ. ಹಾಗೆ ಬಿಟ್ಟರೆ ಅದು ಹರಕೆಯಲ್ಲ, ಪಥ್ಯ.

ನೀನು ಬದನೆಕಾಯಿ ತಿನ್ನದಿದ್ದರೆ ದೇವಿಗೆ ಏನು ಲಾಭ ಎಂದು ಒಮ್ಮೆ ಅವ್ವನನ್ನು ಕೇಳಿದ್ದೆ.

"ನಿನ್ನ ಪೇಪರಿನಿಂದ ಯಾರಿಗೆ ಲಾಭ ಆಗ್ಯಾದ, ಮೊದ್ಲ ಅದನ್ನ ಹೇಳು" ಅಂದಳು.

ನಾನು ಜೇವರ್ಗಿಯಿಂದ ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಏನಾಯಿತು, ಎಲ್ಲಿ, ಯಾರಿಂದ ಎಂದು ಬರೆದು, ವಿಶೇಷಣಗಳನ್ನು ಹೊಡೆದುಹಾಕಿ ಕಳಿಸುತ್ತೇನೆ. ಏನೂ ಆಗದಿದ್ದರೆ ಸುದ್ದಿಯಿಲ್ಲ. ಇಲ್ಲಿ ಬರೆಯುತ್ತಿರುವುದರಲ್ಲಿ ಬಹುಪಾಲು ಜನ ಮಾಡದೇ ಬಿಟ್ಟ ಕೆಲಸಗಳು. ಪತ್ರಿಕೆಗೆ ಕಳಿಸಿದ್ದರೆ ವಾಪಸ್ ಬರುತ್ತಿತ್ತು.

ಹೋದ ಚಳಿಗಾಲ, ಎಳ್ಳಮಾವಾಸ್ಯೆಗೆ ಒಂದು ತಿಂಗಳಿರುವಾಗ, ಅವ್ವನ ಬಲಗೈ ಹೆಬ್ಬೆರಳಿನ ಬುಡ ಊದಿತು. ತಂಬಿಗೆ ಎತ್ತಿದರೆ ಕೈ ಜಾರುತ್ತಿತ್ತು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಂಗಳೂರು ಕಡೆಯ ಕನ್ನಡ ಮಾತಾಡುವ ಯುವ ವೈದ್ಯೆ. ಬೆರಳು ಮಡಚಿಸಿ, ಮಣಿಕಟ್ಟು ಒತ್ತಿ ನೋಡಿದರು.

"ಎಷ್ಟು ವರ್ಷದಿಂದ ರೊಟ್ಟಿ ತಟ್ತಿದ್ದೀರಾ ಅಮ್ಮ?"

"ಹಾಲಹಲ್ಲು ಬಿದ್ದಾಗಿಂದ್ರಿ."

"ಒಂದೂವರೆ ತಿಂಗಳು ತಟ್ಟಬೇಡಿ. ಈ ಪಟ್ಟಿ ಕಟ್ಕೊಳ್ಳಿ. ಅಷ್ಟೇ."

"ಸೂಜಿ?"

"ಬೇಡ."

"ಗುಳಿಗಿ?"

"ಈಗ ಬೇಡ."

"ಸಲಾಯಿನ್ ಒಂದರ ಹಚ್ಚರಿ."

"ಕೈ ನೋವಿಗೆ ಸಲಾಯಿನ್ ಯಾಕಮ್ಮ?"

"ಬಂದೀವಲ್ರಿ."

ವೈದ್ಯೆ ನನ್ನ ಕಡೆ ತಿರುಗಿ ಉಳಿದದ್ದನ್ನು ಹೇಳಿದರು. ಹೀಗೇ ರೊಟ್ಟಿ ಬಡಿಯುತ್ತ ಹೋದರೆ ಹೆಬ್ಬೆರಳು ಬಿಗಿದುಕೊಳ್ಳುತ್ತದೆ, ಕೊಯ್ಯಬೇಕಾಗುತ್ತದೆ. ಕೊಯ್ದ ಮೇಲೂ ಮೊದಲಿನ ಹಿಡಿತ ಬರುತ್ತದೆಂದು ಮಾತು ಕೊಡಲಾರೆ ಅಂದರು. ಸೆರಗು ಕಟ್ಟುವುದು, ಕೂದಲು ಹೆಣೆಯುವುದು, ಅನ್ನ ಕಲಸುವುದು, ಎಲ್ಲವೂ ಆ ಒಂದು ಬೆರಳಿನ ಮೇಲೆ ನಿಂತಿತ್ತು.

ಹೊರಗೆ ಬಂದು ಅವ್ವ ತೀರ್ಪು ಕೊಟ್ಟಳು. "ಆ ಹುಡುಗಿಗಿ ಏನೂ ಬರಂಗಿಲ್ಲ. ಬರ್ತಿದ್ರ ಕೊಡ್ತಿದ್ಲು."

ಮೂರನೆಯ ದಿನ ನಾನು ಕಲಬುರಗಿಗೆ ಹೋದ ಸಮಯ ನೋಡಿ, ಅವ್ವ ಎರಡು ಹಳ್ಳಿ ಆಚೆಯ ಸೂಜಿಯವನ ಬಳಿ ಹೋಗಿಬಂದಳು. ಅವನು ಡಾಕ್ಟರಲ್ಲ, ಅಲ್ಲವೆಂದು ಯಾರಿಗೂ ಹೇಳಿಯೂ ಇಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಿದ ದಾಖಲೆ ಅವನ ಹೆಸರಿನಲ್ಲಿಲ್ಲ. ಸಂಜೆ ಬಸ್ಸಿಳಿದು ಓಣಿಗೆ ಬಂದರೆ ನಮ್ಮ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಟಪಟಪ ಸದ್ದು.

"ನೋವು?"

"ಎಲ್ಲಿ ನೋವು? ಆ ದವಾಖಾನಿ ಹುಡುಗಿಗಿ ಹೇಳು, ಸೂಜಿ ಹೆಂಗ ಹಾಕಬೇಕು ಕಲ್ತಕೊಂಡು ಹೋಗು ಅಂತ."

ನೋವು ಹೋದ ಸಂತೋಷದಲ್ಲಿ ಎರಡು ದಿನ ಅಕ್ಕಪಕ್ಕದ ಮನೆಗಳಿಗೂ ಸೇರಿಸಿ ಬಡಿದಳು. ನೋಯದ ಕೈ ಬಿಡುವಿರುವ ಕೈ ಎಂಬುದು ನಮ್ಮ ಮನೆಯ ಹೆಂಗಸರ ಹಳೆಯ ತಪ್ಪು ತಿಳಿವಳಿಕೆ. ಮೂರನೆಯ ದಿನ ಬೆಳಿಗ್ಗೆ ಕೈ ಒಳ್ಳೆ ಬದನೆಕಾಯಿಯಂತೆ ಊದಿತ್ತು. ಬಿಟ್ಟದ್ದು ಹೀಗೆ ವಾಪಸ್ ಬಂತು ನೋಡು ಎನ್ನಬೇಕೆನಿಸಿತು. ಎನ್ನಲಿಲ್ಲ. ಸಂಯಮ ಒಬ್ಬರೇ ಮಾಡುವ ಕೆಲಸವಲ್ಲ.

ರೊಟ್ಟಿಯ ಪ್ರಶ್ನೆ ಉಳಿಯಿತು. ನನ್ನ ಹೆಂಡತಿ ಆಳಂದದಲ್ಲಿ ಶಿಕ್ಷಕಿ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಾಳೆ. ರೊಟ್ಟಿ ಬಡಿಯಲು ಬರುವುದಿಲ್ಲ, ಕಲಿಯುವುದೂ ಇಲ್ಲ ಎಂದು ಮದುವೆಗೆ ಮೊದಲೇ ತಿಳಿಸಿದ್ದಳು. ಆಡಿದ ಮಾತಿಗೆ ಇಷ್ಟು ನಿಷ್ಠರಾದವರನ್ನು ನಾನು ವಿಧಾನಸಭಾ ಚುನಾವಣೆಗಳಲ್ಲಿ ಕಂಡಿಲ್ಲ.

ಹಾಗಾಗಿ ಬಸ್ ನಿಲ್ದಾಣದ ಹಿಂದಿನ ರೊಟ್ಟಿ ಅಂಗಡಿಗೆ ಹೋಗತೊಡಗಿದೆ. ನಡೆಸುವವಳು ಐವತ್ತು ದಾಟಿದ ಹೆಂಗಸು, ಜೊತೆಗೆ ಇಬ್ಬರು ನಾದಿನಿಯರು. ಬೆಳಿಗ್ಗೆ ಒಂದು ಬುಟ್ಟಿ ಹಿಟ್ಟು ನಾದುತ್ತಾರೆ. ಬುಟ್ಟಿ ಖಾಲಿಯಾದರೆ ಬಾಗಿಲು ಮುಚ್ಚುತ್ತಾರೆ. ಎದುರು ನಿಂತವನು ತಹಶೀಲ್ದಾರನಿರಲಿ, ಬಸ್ ತಪ್ಪಿಸಿಕೊಂಡವನಿರಲಿ, ಎರಡನೇ ಬುಟ್ಟಿ ಇಲ್ಲ. ಬೈಗುಳ ತಿಂದಷ್ಟು ಆ ಅಂಗಡಿ ಹೆಸರು ಮಾಡಿತ್ತು.

ಎರಡನೇ ವಾರ ನಾನು ಸರದಿಯಲ್ಲಿ ನಿಂತಾಗಲೇ ಜಿಲ್ಲೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಕೈಯಲ್ಲಿ ಕಡತ, ಹಿಂದೆ ಯಂತ್ರದ ಚಿತ್ರ ಹಿಡಿದ ಸಿಬ್ಬಂದಿ. ಸರ್ಕಾರ ಯಂತ್ರ ಕೊಡುತ್ತದೆ, ರೊಟ್ಟಿ ದೂರದ ನಗರಗಳಿಗೆ ಹೋಗುತ್ತದೆ ಎಂದು ವಿವರಿಸಿದರು.

"ನಮಗ ಒಂದು ಬುಟ್ಟಿ ಸಾಕಾಗ್ಯಾದ್ರಿ ಸಾಹೇಬ್ರ" ಅಂದಳು ಅವಳು. "ಮೊದ್ಲ ಕುಂದರ್ರಿ, ಉಣ್ರಿ."

ಅಧಿಕಾರಿ ಎರಡು ರೊಟ್ಟಿ, ಪುಂಡಿಪಲ್ಯ ತಿಂದರು. ತಿನ್ನುತ್ತ ಒಲೆ ನೋಡಿದರು, ಮೂವರ ಕೈ ನೋಡಿದರು. ಸರ್ಕಾರದ ಪ್ರತಿನಿಧಿ ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಮೊದಲು ಕಂಡದ್ದು ಆಗಲೇ.

"ಹಾಗಾದ್ರೆ ಏನು ಬೇಕು ನಿಮಗೆ?"

"ಮುಂದಿನ ಗಟಾರದ ಮ್ಯಾಲ ಎರಡು ಕಲ್ಲು ಹಾಕಸ್ರಿ. ಮಂದಿ ಕಾಲು ಒಳಗ ಬೀಳತಾವ."

ಅವರು ಕಡತ ಮಡಚಿದರು. ಹತ್ತು ದಿನದಲ್ಲಿ ಗಟಾರಕ್ಕೆ ಕಲ್ಲು ಬಂತು. ಯಂತ್ರ ಬೇರೆ ಕಡೆ ಹೋಯಿತು. ಅದರ ಮೇಲೆ ಈಗ ಬೆಕ್ಕು ಮರಿ ಹಾಕಿದೆಯಂತೆ, ದೃಢಪಟ್ಟಿಲ್ಲ. ಅಧಿಕಾರಿಯೊಬ್ಬರು ಯೋಜನೆಯನ್ನು ಹೇರದೆ ಹೋದರು ಎಂದು ನಾಲ್ಕು ಸಾಲು ಬರೆದು ಕಳಿಸಿದೆ. ಉಪಸಂಪಾದಕ ಫೋನ್ ಮಾಡಿ, "ಇದರಲ್ಲಿ ಏನಾಗಿದೆ?" ಎಂದು ಕೇಳಿದ. ಏನೂ ಆಗಿಲ್ಲ ಅಂದೆ. ಫೋನ್ ಇಟ್ಟುಬಿಟ್ಟ.

ಈ ನಡುವೆ ಅವ್ವ ಎಡಗೈಯಲ್ಲಿ ಕದ್ದು ಬಡಿಯಲು ಶುರು ಮಾಡಿದ್ದಳು. ಎಡಗೈಗೆ ಬಾರದಿದ್ದಾಗ ಬಲಗೈ ಸಹಾಯಕ್ಕೆ ಬರುತ್ತಿತ್ತು. ಎಳ್ಳಮಾವಾಸ್ಯೆಗೆ ನೆಲೋಗಿಯ ಹೊಲದಲ್ಲಿ ನಮ್ಮ ಕಡೆಯವರೆಲ್ಲ ಸೇರುವುದು ವಾಡಿಕೆ. ತರಕಾರಿ, ಕಾಳು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಅದರ ಜೊತೆ ಸಜ್ಜೆ ರೊಟ್ಟಿ. ಆ ರೊಟ್ಟಿ ಪರರ ಕೈಯದ್ದಾದರೆ ಭೂಮಿತಾಯಿ ಮುಖ ತಿರುಗಿಸುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಹಬ್ಬಕ್ಕೆ ಐದು ದಿನವಿತ್ತು, ಊತ ಮೊಣಕೈ ಕಡೆ ಏರುತ್ತಿತ್ತು. ನಾನು ಅಂಗಡಿಯವಳಿಗೆ ನಲವತ್ತು ರೊಟ್ಟಿ ಹೇಳಿದೆ.

"ಹನ್ನೆರಡು ಕೊಡ್ತೇನಿ."

"ಹಬ್ಬ ಅದರಿ. ಒಂದಿನ ಎರಡನೇ ಬುಟ್ಟಿ ನಾದಬಾರದೇನು? ನಮ್ಮವ್ವನ ಕೈ ಬಿದ್ದದ."

"ಯಾಕ ಬಿತ್ತು?"

ಹೇಳಿದೆ. ಅವಳು ತನ್ನ ಬಲಗೈ ಮುಂದೆ ಚಾಚಿದಳು. ಮಣಿಕಟ್ಟಿನ ಮೇಲೆ ಉದ್ದನೆಯ ಗಾಯದ ಗುರುತು. "ನಾನೂ ಎರಡನೇ ಬುಟ್ಟಿ ನಾದಿದಾಕಿನೇ ತಮ್ಮಾ. ಕೊಯ್ಸಿಕೊಂಡ ಮ್ಯಾಲ ಬುದ್ಧಿ ಬಂತು. ನಿಮ್ಮವ್ವಗ ಕರ್ಕೊಂಡ್ ಬಾ."

ಅವ್ವ ಬಂದಳು, ನನ್ನ ಮಾತಿಗಲ್ಲ, ಇಷ್ಟು ದಿನ ತಿಂದ ರೊಟ್ಟಿಯ ಬಗ್ಗೆ ಎದುರಿಗೇ ಅಭಿಪ್ರಾಯ ಹೇಳಲು.

"ದಪ್ಪ ಆಗ್ತಾವ ಬೇ ನಿನ್ನ ರೊಟ್ಟಿ" ಅಂದಳು ಕೂರುವ ಮೊದಲೇ.

"ಹೌದ್ರಿ ಎಕ್ಕಾ. ತೆಳ್ಳಗ ಬಡದ್ರ ಇದು ಹಿಡಿತದ." ಅವಳು ಗಾಯ ತೋರಿಸಿದಳು. ಅವ್ವ ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಗುರುತಿನ ಮೇಲೆ ಬೆರಳಾಡಿಸಿದಳು. ಆಸ್ಪತ್ರೆಯಲ್ಲಿ ಸ್ವಂತ ಕೈಯನ್ನು ಅವಳು ಹಾಗೆ ನೋಡಿರಲಿಲ್ಲ.

"ಚಳಿಗಾಲದಾಗ ನೋಯ್ತದೇನು?"

"ನೋಯ್ತದ. ಈಗ ಮಂದಿ ಹಬ್ಬದ ರೊಟ್ಟಿ ಅಂತ ಬೆನ್ನ ಹತ್ಯಾರ. ನಿಮ್ಮ ಮಗನೂ ಬಂದಿದ್ದ, ನಲವತ್ತು ಬೇಕಂತ."

"ಅವಂಗೇನ್ ತಿಳಿತದ. ಪೇಪರ್ ಬರಿಯಾಂವ."

"ಎಕ್ಕಾ, ಒಂದ್ ಕೇಳ್ತೇನಿ. ಘತ್ತರಗಿ ಅವ್ವಗ ನಡ್ಕೊಳ್ಳಾಕಿ ಅಂತ ನಿಮ್ಮ ಮಗ ಹೇಳ್ಯಾನ. ನನ್ನ ಕೈ ಮತ್ತ ಕೊಯ್ಯೋ ಪಾಳಿ ಬರಬಾರ್ದು ಅಂತ ನನ್ನ ಸಲುವಾಗಿ ಏನರ ಬಿಡತೀರೇನು?"

"ಬಿಡತೀನಿ. ಏನ್ ಬಿಡ್ಲಿ?"

"ರೊಟ್ಟಿ ಬಡಿಯೋದು ಬಿಡ್ರಿ."

ಅವ್ವ ಕಕ್ಕಾಬಿಕ್ಕಿಯಾದಳು. ತಾನು ಸಿಕ್ಕಿಬಿದ್ದಿದ್ದೇನೆ ಎಂಬುದು ಗೊತ್ತಾಗುವಷ್ಟು ಚುರುಕು ಅವಳಿಗಿದೆ. ಆದರೆ ಬಿಡುತ್ತೇನೆ ಎಂಬ ಮಾತು ಬಾಯಿಂದ ಹೊರಬಿದ್ದಾಗಿತ್ತು, ಅವಳ ಲೆಕ್ಕದಲ್ಲಿ ಅದು ದೇವಿಯ ಕಿವಿಗೂ ಬಿದ್ದಿತ್ತು. ದಾರಿಯುದ್ದಕ್ಕೂ, "ಬದ್ಮಾಶ್ ಹೆಂಗಸದ. ಬೇಶ್ ಅದ" ಅನ್ನುತ್ತ ಬಂದಳು.

ಎಳ್ಳಮಾವಾಸ್ಯೆಯ ದಿನ ನೆಲೋಗಿಯ ಹೊಲದಲ್ಲಿ ಹನ್ನೆರಡು ರೊಟ್ಟಿ, ಇಪ್ಪತ್ತು ಜನ. ಅರ್ಧರ್ಧ ಮುರಿದು ಭಜ್ಜಿಯನ್ನೇ ಹೊಟ್ಟೆ ತುಂಬ ಉಂಡೆವು. ಅವ್ವ ಎಡಗೈಯಿಂದ ಬೆಳೆಗೆ ನೈವೇದ್ಯದ ಚರಗ ಚೆಲ್ಲಿದಳು. ಭೂಮಿತಾಯಿ ಮುಖ ತಿರುಗಿಸಿದ ಬಗ್ಗೆ ಈವರೆಗೆ ವರದಿಯಾಗಿಲ್ಲ.

ಬಡಿಯುವುದು ಬಿಟ್ಟ ಒಂದೂವರೆ ತಿಂಗಳಿಗೆ ಊತ ಪೂರ್ತಿ ಇಳಿದಿತ್ತು. ವೈದ್ಯೆ ಬೆರಳು ಮಡಚಿಸಿ ನೋಡಿ, "ಇನ್ನು ದಿನಕ್ಕೆ ನಾಲ್ಕೈದು ರೊಟ್ಟಿ ತಟ್ಟಬಹುದು" ಅಂದರು.

"ಹೆಂಗ ಬರ್ತದವ್ವ?" ಅಂದಳು ಅವ್ವ. "ಆ ಅಂಗಡ್ಯಾಕಿ ಕೈ ಇನ್ನಾ ಒಲಿ ಮುಂದ ಅದ."

ವೈದ್ಯೆಗೆ ಅರ್ಥವಾಗಲಿಲ್ಲ. ಬದನೆಕಾಯಿ, ಸಕ್ಕರೆ, ಚಹಾದ ಸಾಲಿಗೆ ರೊಟ್ಟಿ ಬಡಿಯುವುದೂ ಸೇರಿತು.

ಅಂಗಡಿಗೆ ವಾರದ ರಜೆ ಇರುವ ದಿನ ಈಗ ರೊಟ್ಟಿ ಹಲಗೆಯ ಮುಂದೆ ಕೂರುವವನು ನಾನು. ನನ್ನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು, ನಡುವೆ ಭೀಮಾ ನದಿ ಹರಿದ ಹಾಗೆ ಬಿರುಕು ಬಿಡುತ್ತದೆ. ಅವ್ವ ಎದುರಿಗೇ ಮಣೆ ಹಾಕಿಕೊಂಡು ಕೂರುತ್ತಾಳೆ.

"ತಿರಗಸು ಲೇ. ಹಿಟ್ಟು ಹಾಕು. ಹಂಗಲ್ಲ. ಅಂಗೈಲಿಂದ."

ಮೊನ್ನೆ ರೊಟ್ಟಿ ಹಲಗೆಗೆ ಅಂಟಿಕೊಂಡಾಗ ಅವಳ ಬಲಗೈ ತಾನಾಗಿ ಮುಂದೆ ಬಂತು. ಹೆಬ್ಬೆರಳು ಸರಾಗವಾಗಿ ಬಿಚ್ಚಿಕೊಂಡಿತ್ತು. ಹಿಟ್ಟಿಗೆ ಒಂದು ಗೇಣು ದೂರದಲ್ಲಿ ಆ ಕೈ ನಿಂತಿತು. ಅವ್ವ ಅದನ್ನು ಹಿಂದಕ್ಕೆಳೆದುಕೊಂಡು, ಸೆರಗಿನೊಳಗೆ ಸುತ್ತಿ, ಅದರ ಮೇಲೆ ಎಡಗೈ ಇಟ್ಟು ಕೂತಳು.

"ಹರೀತು" ಅಂದಳು. "ಇರಲಿ, ಮತ್ತ ಬಡಿ."