ಒಂಬತ್ತು ತಡಮೆಗಳ ಸೈಕಲ್ ದಾರಿ

ಸೈಕಲಿನ ಮೇಲಿರುವಷ್ಟು ಹೊತ್ತು ಅಭಯಚಂದ್ರ ಕುಂಟನಾಗಿರಲಿಲ್ಲ. ನಾಲ್ಕನೆಯ ವಯಸ್ಸಿನ ಜ್ವರದಲ್ಲಿ ಸೊರಗಿಹೋದ ಅವನ ಬಲಗಾಲು ನೆಲಕ್ಕಿಳಿದರೆ ಮಾತ್ರ ಕಾಣಿಸುತ್ತಿತ್ತು. ಆದ್ದರಿಂದ ಅವನು ಇಳಿಯುತ್ತಲೇ ಇರಲಿಲ್ಲ. ಮೂಡಬಿದಿರೆಗೆ ಬರುವ ಬೆಳಗಿನ ಬಸ್ಸಿನಿಂದ ಪೇಪರಿನ ಕಟ್ಟು ಇಳಿಸಿಕೊಂಡು, ಪುತ್ತಿಗೆ ದಾಟಿ ನಮ್ಮೂರಿನವರೆಗೆ ನಲುವತ್ತು ಮನೆಗಳಿಗೆ ಹಂಚುತ್ತಿದ್ದ. ಪ್ರತಿ ಮನೆಯ ಗೇಟಿನ ಬದಿಯಲ್ಲೂ ಒಂದು ಕೆಂಪು ಮುರಕಲ್ಲು ಇರುತ್ತಿತ್ತು. ಎಡಗಾಲನ್ನು ಅದರ ಮೇಲೆ ಊರಿ, ಸೀಟಿನಿಂದ ಏಳದೆಯೇ ಪೇಪರ್ ಚಾಚುವುದು ಅವನ ಕ್ರಮ. ಹೊಸದಾಗಿ ಪೇಪರ್ ತರಿಸುವವರಿಗೆ ಅವನ ಷರತ್ತು ಒಂದೇ: "ಕಲ್ಲೊಂದು ಇಡಿ."

ಅವನು ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ನಮ್ಮ ಗೇಟಿನ ಕಲ್ಲು ಅಲ್ಲೇ ಇದೆ. ಮೇಲ್ಭಾಗ ಒಂದು ಹಿಮ್ಮಡಿಯಷ್ಟು ಸವೆದಿದೆ.

ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನನ್ನು ಓಟಕ್ಕೆ ಕರೆಯುತ್ತಿರಲಿಲ್ಲ, ಗದ್ದೆ ಕೆಲಸಕ್ಕೂ ಕರೆಯುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಬಡಿಸಲಿಕ್ಕೆ ನಿಂತರೆ ಯಾರಾದರೂ ಕೈಯಿಂದ ಸೌಟು ತೆಗೆದುಕೊಂಡು ಕುರ್ಚಿ ತೋರಿಸುತ್ತಿದ್ದರು. ಹದಿನೆಂಟರಲ್ಲಿ ಸೈಕಲ್ ಕಲಿತ. ಐವತ್ತೆರಡನೆಯ ಇಸವಿಯಲ್ಲಿ ಪೇಪರಿನ ಲೈನು ಅವನ ಕೈಗೆ ಬಂತು. ಆ ಮೇಲೆ ಯಾರೂ ಅವನಿಗೆ ಕುರ್ಚಿ ತೋರಿಸಲಿಲ್ಲ. ಬೆಳಗ್ಗೆ ಎಂಟರೊಳಗೆ ಊರಿನ ಮೇಷ್ಟ್ರು, ಡಾಕ್ಟರು, ದೊಡ್ಡ ಬೀಡಿನ ಯಜಮಾನರು ಎಲ್ಲರೂ ಗೇಟಿನಲ್ಲಿ ನಿಂತು ಅವನ ದಾರಿ ಕಾಯುತ್ತಿದ್ದರು. ಆ ಲೈನು ಅವನಿಗೆ ಅನ್ನಕ್ಕಿಂತ ಹೆಚ್ಚಿನದಾಗಿತ್ತು. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದುದಕ್ಕಾಗಿಯೇ ಇದನ್ನು ಬರೆಯಬೇಕಾಗಿದೆ.

ಬಸ್ ನಿಲ್ದಾಣದಲ್ಲೇ ಅವನು ಪೇಪರ್ ಪೂರ್ತಿ ಓದಿ ಮುಗಿಸುತ್ತಿದ್ದ. ಕೆಲವು ದಿನ ನನ್ನ ಕೈಗೆ ಕೊಡುತ್ತಾ, "ಇವತ್ತು ಏನೂ ಇಲ್ಲ ಶಂಕರ, ನಿನ್ನೆಯದನ್ನೇ ಇನ್ನೊಮ್ಮೆ ಓದು" ಎನ್ನುತ್ತಿದ್ದ. ನಾನು ತಿಳಿದ ಲೋಕದಲ್ಲಿ ಅರ್ಧ ಅವನ ಕ್ಯಾರಿಯರಿನಲ್ಲಿ ಬಂದದ್ದು.

ಅರುವತ್ತರ ನಂತರ ಬಸ್ಸುಗಳು ಹೆಚ್ಚಾದವು. ರಸ್ತೆಗೆ ಜಲ್ಲಿ ಹರಡಿ ಹಾಗೆಯೇ ಬಿಟ್ಟಿದ್ದರು. ಎದುರಿನಿಂದ ಬಸ್ಸು ಬಂದರೆ ಸೈಕಲಿನವರು ಇಳಿದು ಚರಂಡಿಯ ಬದಿಗೆ ಸರಿಯಬೇಕು. ಬೇರೆಯವರಿಗೆ ಅದು ಒಂದು ಗಳಿಗೆಯ ಕೆಲಸ, ಅಭಯನಿಗೆ ಅಲ್ಲ. ಒಂದು ಆಷಾಢದಲ್ಲಿ ತಿರುವಿನಲ್ಲಿ ಬಿದ್ದ. ಮೈಗೆ ಹೆಚ್ಚು ಏಟಾಗಲಿಲ್ಲ, ನಲುವತ್ತು ಪೇಪರೂ ಕೆಸರಾದವು. ಅವನು ಅವನ್ನು ಒಲೆಯ ಬಳಿ ಒಣಗಿಸಿ ಸಂಜೆ ಹಂಚಿದ.

ಅದೇ ವರ್ಷ ಪಂಚಾಯತಿಗೆ ಒಂದು ಅರ್ಜಿ ಬರೆದ. ಸೈಕಲುಗಳಿಗೆ ಪ್ರತ್ಯೇಕ ದಾರಿ ಮಾಡಿಕೊಡುವ ದೇಶಗಳಿವೆಯೆಂದು ಪೇಪರಿನಲ್ಲಿ ಓದಿದ್ದ. ನಮ್ಮಲ್ಲಿ ರಸ್ತೆಗೆ ಸಮಾನಾಂತರವಾಗಿ ಗದ್ದೆಗಳ ನಡುವೆ ಅಗಲವಾದ ಮಣ್ಣಿನ ಬದು, ಕಟ್ಟಹುಣಿ, ಹೋಗುತ್ತದೆ, ಅದನ್ನೇ ಸಮ ಮಾಡಿದರೆ ಸಾಕು ಎಂದು ಬರೆದಿದ್ದ. ಸೈಕಲ್ ತೆರಿಗೆ ಕಟ್ಟುವ ಮೂವತ್ತೇಳು ಮಂದಿಯ ಸಹಿ ಹಾಕಿಸಿದ. ಆಗ ನಾನು ಪಂಚಾಯತಿ ಸದಸ್ಯ. ಅರ್ಜಿಯನ್ನು ಸಭೆಯಲ್ಲಿ ಓದಿದವನೂ ನಾನೇ.

ಎರಡು ವರ್ಷ ಬಿಟ್ಟು ಮಂಜೂರಾಯಿತು. ಓವರ್‌ಸಿಯರ್ ಬಂದು ನಕ್ಷೆ ಬರೆದರು. ದಾರಿ ಒಂಬತ್ತು ಮಂದಿಯ ಗದ್ದೆಗಳಲ್ಲಿ ಹಾದುಹೋಗುತ್ತಿತ್ತು. ನಾಲ್ಕನೆಯದು ನನ್ನದು. ಸಭೆಯಲ್ಲಿ ಒಂಬತ್ತು ಮಂದಿಯೂ ಹೇಳಿದ್ದು ಒಂದೇ: ದಾರಿ ತೆರೆದರೆ ಊರ ದನವೆಲ್ಲ ಗದ್ದೆಗೆ ನುಗ್ಗುತ್ತದೆ.

"ಅದಕ್ಕೆ ಏನು ತಲೆಬಿಸಿ?" ಎಂದರು ಚೇರ್ಮನ್ನರು. "ಒಬ್ಬೊಬ್ಬರ ಗಡಿಗೆ ಒಂದೊಂದು ತಡಮೆ ಕಟ್ಟುವ. ನಮ್ಮ ಅಜ್ಜಂದಿರು ಮಾಡಿದ್ದೂ ಅದನ್ನೇ ಅಲ್ವಾ?"

ತಡಮೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಎದೆಯೆತ್ತರದ ಮುರಕಲ್ಲಿನ ಗೋಡೆ, ಆಚೆಗೆರಡು ಈಚೆಗೆರಡು ಮೆಟ್ಟಿಲು. ಮನುಷ್ಯ ಹತ್ತಿ ಇಳಿಯುತ್ತಾನೆ, ದನ ಹತ್ತುವುದಿಲ್ಲ.

"ಸೈಕಲು?" ಎಂದು ಯಾರೋ ಕೇಳಿದರು.

"ಸೈಕಲ್ ಎಷ್ಟು ಭಾರ ಮಾರಾಯ್ರೆ? ಎತ್ತಿ ಆಚೆ ಇಟ್ಟರಾಯ್ತು" ಎಂದರು ಓವರ್‌ಸಿಯರ್. ಅವರು ಜೀಪಿನಲ್ಲಿ ಬಂದವರು.

ಎಲ್ಲರೂ ನಕ್ಕರು. ನನಗೆ ಅಭಯನ ಕಾಲು ನೆನಪಾಯಿತು. ಬಾಯಿ ತೆರೆಯಲೂ ಹೊರಟೆ. ಆದರೆ ಆ ವಾರವಷ್ಟೇ ನಾನು ಆ ಗದ್ದೆಗೆ ಉದ್ದು ಬಿತ್ತಿದ್ದೆ. ಠರಾವಿಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ದಾರಿಯ ಉದ್ಘಾಟನೆಗೆ ಮಾವಿನೆಲೆಯ ತೋರಣ ಕಟ್ಟಿದ್ದರು. ಅರ್ಜಿ ಬರೆದವನೇ ಮೊದಲು ಹೋಗಲಿ ಎಂದು ಚೇರ್ಮನ್ನರು ಅಭಯನನ್ನು ಕರೆದರು. ಅವನು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಬೆಲ್ ಬಾರಿಸಿ ಹೊರಟ. ಕೆಂಪು ಮಣ್ಣು ಹಾಸಿದ ದಾರಿ ನಿಜವಾಗಿಯೂ ಚಂದವಿತ್ತು. ಇನ್ನೂರು ಮಾರು ಹೋಗುವುದರೊಳಗೆ ಮೊದಲ ತಡಮೆ. ಅಭ್ಯಾಸಬಲದಿಂದ ಎಡಗಾಲನ್ನು ಅದರ ಮೆಟ್ಟಿಲಿಗೆ ಊರಿ ನಿಂತ. ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಅದನ್ನು ಕಟ್ಟಿದ ಮಾಯಿಲಪ್ಪ ಬದಿಯಲ್ಲೇ ನಿಂತಿದ್ದ.

"ಇದು ಯಾರಿಗೆ ಕಟ್ಟಿದ್ದು ಮಾಯಿಲಪ್ಪ?"

"ದನಗಳಿಗೆ, ಧಣಿ."

"ದನವೂ ದಾಟುವುದಿಲ್ಲ, ನಾನೂ ದಾಟುವುದಿಲ್ಲ. ಪಂಚಾಯತಿ ನಮ್ಮಿಬ್ಬರನ್ನು ಒಂದೇ ಪಟ್ಟಿಗೆ ಸೇರಿಸಿದೆ, ನೋಡು."

ಜನ ನಕ್ಕರು. ಅವನೂ ನಕ್ಕ. ಮಾಯಿಲಪ್ಪ ಸೈಕಲನ್ನು ಎತ್ತಿ ಆಚೆ ಇಟ್ಟ. ಅಭಯ ಮೆಟ್ಟಿಲಲ್ಲಿ ಕುಳಿತುಕೊಂಡು, ಬಲಗಾಲನ್ನು ಕೈಯಿಂದ ಎತ್ತಿ ಮೇಲಿನ ಮೆಟ್ಟಿಲಿಗಿಟ್ಟು ದಾಟಿದ. ಊರೆಲ್ಲ ನೋಡುತ್ತಿತ್ತು. ಹೀಗೆ ಒಂಬತ್ತು ಸಲ. ನನ್ನ ಗದ್ದೆಯ ತಡಮೆ ದಾಟುವಾಗ ಅವನು ನನ್ನನ್ನು ನೋಡಲಿಲ್ಲ.

ಆದರೂ ಒಂದು ತಿಂಗಳು ಆ ದಾರಿಯಲ್ಲೇ ಹೋದ. ಬೆಲ್ ಕೇಳಿದರೆ ಆಯಾ ಗದ್ದೆಯಲ್ಲಿದ್ದವರು ಬಂದು ಸೈಕಲ್ ಎತ್ತುತ್ತಿದ್ದರು. ಐದನೆಯ ತಡಮೆಯ ಬಳಿ ರುಖಿಯಮ್ಮನ ಮನೆ. ಬೀಡಿ ಕಟ್ಟುವ ಗೆರಸೆಯನ್ನು ಪಕ್ಕಕ್ಕಿಟ್ಟು, "ಬಂತು ಬಂತು, ಮಹಾರಾಜರ ಮೇನೆ ಬಂತು! ಇವತ್ತೇನು ವಿಶೇಷ ಪೇಪರಿನಲ್ಲಿ?" ಎನ್ನುತ್ತಾ ಆಕೆಯೇ ಎತ್ತುತ್ತಿದ್ದಳು. "ಅಕ್ಕಿಗೆ ಕ್ರಯ ಹೆಚ್ಚಾಗಿದೆಯಂತೆ" ಎಂದರೆ, "ಅದಕ್ಕೆ ಪೇಪರ್ ಯಾಕೆ ಬೇಕು, ನನ್ನತ್ರ ಕೇಳಿದರೆ ಸಾಲದಾ?" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಅವನು ಮತ್ತೆ ರಸ್ತೆಯಿಂದ ಬಂದ. ಯಾಕೆಂದು ಕೇಳಿದೆ.

"ಎಲ್ಲರೂ ಒಳ್ಳೆಯವರೇ ಶಂಕರ. ಆದರೆ ಅಲ್ಲಿ ದಿನಕ್ಕೆ ಒಂಬತ್ತು ಸಲ ನನಗೆ ಕಾಲಿಲ್ಲ ಅಂತ ನೆನಪಾಗ್ತದೆ. ರಸ್ತೆಯಲ್ಲಿ ಬಸ್ಸಿನವ ಒಬ್ಬನೇ ಬೈಯುವುದು. ಅವ ಎಲ್ಲರಿಗೂ ಬೈತಾನೆ."

ಅವನು ಸುಮ್ಮನೆ ಕೂರಲಿಲ್ಲ. ತನ್ನ ಮನೆಯ ಅಂಗಳದ ತುದಿಯಲ್ಲಿ ಹಲಸಿನ ಮರದ ಒಂದು ಗೇಟು ಮಾಡಿಸಿದ. ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಕಂಬದ ಮೇಲಿನ ರಾಟೆಗೆ ಹಾಯಿಸಿ, ತುದಿಗೆ ಒಂದು ಕಲ್ಲು ತೂಗುಬಿಟ್ಟ. ಸೈಕಲಿನ ಮುಂದಿನ ಚಕ್ರದಿಂದ ನೂಕಿದರೆ ತೆರೆಯುತ್ತಿತ್ತು. ದಾಟಿದ ಮೇಲೆ ಕಲ್ಲಿನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತಿತ್ತು. ದನ ಮೂತಿ ತಿಕ್ಕಿ ವಾಪಸು ಹೋಗುತ್ತಿತ್ತು. ಪಂಚಾಯತಿಯವರೆಲ್ಲ ಬಂದು ನೋಡಿ ಮೆಚ್ಚಿದರು. ಆದರೆ ಮಂಜೂರಾದ ನಕ್ಷೆಯಲ್ಲಿ ಇರುವುದು ತಡಮೆ. ಬದಲಾಯಿಸಬೇಕಾದರೆ ಹೊಸ ನಕ್ಷೆ, ಹೊಸ ಠರಾವು, ಹೊಸ ಮಂಜೂರಾತಿ ಬೇಕೆಂದರು ಓವರ್‌ಸಿಯರ್. ಮುಂದಿನ ವರ್ಷ ನೋಡುವ ಎಂದರು ಚೇರ್ಮನ್ನರು.

ಆ ಭಾನುವಾರ ಅಭಯ ನಮ್ಮ ಮನೆಗೆ ಬಂದ. ಸೈಕಲಿನಿಂದ ಇಳಿದು, ಕುಂಟುತ್ತಾ ಅಂಗಳ ದಾಟಿ, ಚಾವಡಿಯಲ್ಲಿ ಕುಳಿತ. ಅವನು ಹಾಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

"ಪಂಚಾಯತಿಯ ಮಾತು ಬಿಡುವ. ನಿನ್ನದೊಂದು ತಡಮೆ ತೆಗಿ ಮಾರಾಯ. ಗೇಟು ನಾನು ಮಾಡಿಸಿಕೊಡ್ತೇನೆ."

"ಒಂದು ತೆಗೆದರೆ ಏನು ಬಂತು? ಇನ್ನೂ ಎಂಟು ಉಂಟಲ್ಲ."

"ಎಂಟಾಗ್ತದೆ, ಅಷ್ಟೇ. ಒಂದು ಕಂಡರೆ ಉಳಿದವರೂ ತೆಗೆದಾರು."

"ಎಲ್ಲರೂ ತೆಗೆದರೆ ನಾನೂ ತೆಗೀತೇನೆ" ಎಂದೆ.

ಅವನು "ಸರಿ" ಎಂದ. ಬೆಲ್ಲ ನೀರು ಕುಡಿದು ಹೊರಟ. ಮರುದಿನ ಎಂದಿನಂತೆ ಕಲ್ಲಿಗೆ ಕಾಲೂರಿ ಪೇಪರ್ ಕೊಟ್ಟ. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಆಮೇಲೆ ಮೂರು ಮಳೆಗಾಲ ರಸ್ತೆಯಲ್ಲೇ ಹೋದ. ಎರಡು ಸಲ ಬಿದ್ದ. ಬಸ್ಸು ಬಂದಾಗಲೆಲ್ಲ ದೂರದಿಂದಲೇ ಇಳಿದು ಕಾಯುವುದನ್ನು ರೂಢಿಸಿಕೊಂಡ. ಎಂಟು ಗಂಟೆಯ ಪೇಪರ್ ಹತ್ತಕ್ಕೆ ಬರತೊಡಗಿತು. ಗೇಟಿನಲ್ಲಿ ಕಾಯುವವರು ಗೊಣಗಿದರು, ಕೆಲವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ತರಿಸಿಕೊಂಡರು. ಅರುವತ್ತೇಳರ ದೀಪಾವಳಿಗೆ ಅವನೇ ಲೈನು ಬಿಟ್ಟುಕೊಟ್ಟ. ಸೈಕಲನ್ನು ದನದ ಹಟ್ಟಿಯ ಮಾಡಿಗೆ ತೂಗುಹಾಕಿದ. ಅನಂತರ ಅವನು ನೆಲದ ಮೇಲೆಯೇ ಇದ್ದ, ಎಲ್ಲರೂ ಅವನಿಗೆ ಕುರ್ಚಿ ತೋರಿಸತೊಡಗಿದರು. ಒಂದು ವರ್ಷವೂ ತುಂಬಲಿಲ್ಲ. ಎದೆನೋವೆಂದು ಡಾಕ್ಟರು ಹೇಳಿದರು. ಡಾಕ್ಟರು ಹೇಳಿದ್ದು ಸರಿಯೇ ಇರಬೇಕು. ತಡಮೆ ಅವನನ್ನು ಕೊಂದಿತೆಂದು ನಾನು ಹೇಳುವುದಿಲ್ಲ. ಅವನು ನನ್ನಲ್ಲಿ ಕೇಳಿದ್ದು ಒಂದೇ ಒಂದು, ಅದು ನನ್ನ ಕೈಯಲ್ಲಿತ್ತು ಎಂದಷ್ಟೇ ಹೇಳುತ್ತೇನೆ.

ಕಳೆದ ವಾರ ಅವನ ಮನೆಗೆ ಹೋಗಿ ಅವನ ಹೆಂಡತಿ ಕಮಲಾವತಿಯಮ್ಮನಲ್ಲಿ ಕಳಚಿಟ್ಟಿದ್ದ ಆ ಗೇಟು ಕೇಳಿದೆ.

"ಈಗ ಯಾಕೆ ಭಟ್ರೇ?" ಎಂದರು.

"ನನ್ನ ಗದ್ದೆಗೆ."

ಅವರು ಒಳಗೆ ಹೋದರು. ಬರುವುದಿಲ್ಲವೇನೋ ಎಂದುಕೊಂಡೆ. ಹಗ್ಗದ ಸಿಂಬೆ, ರಾಟೆ, ಕಲ್ಲು ತಂದು ನನ್ನ ಮುಂದೆ ಇಟ್ಟರು.

"ಇದೇ ಕಲ್ಲು ಕಟ್ಟಿ, ಬೇರೆ ಬೇಡ. ಹಗುರವಾದರೆ ಮುಚ್ಚುವುದಿಲ್ಲ, ಭಾರವಾದರೆ ತೆರೆಯುವುದಿಲ್ಲ ಅಂತ ಅವರು ಹನ್ನೊಂದು ಕಲ್ಲು ಬದಲಾಯಿಸಿದ್ದಾರೆ."

ನಿನ್ನೆ ಮಾಯಿಲಪ್ಪ ಬಂದ. ತಾನೇ ಕಟ್ಟಿದ ತಡಮೆಯನ್ನು ಕೀಳಲು ಅವನಿಗೆ ಅರ್ಧ ಗಂಟೆ ಸಾಕಾಯಿತು. ಕಂಬ ನೆಟ್ಟು ಗೇಟು ತೂಗಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ರುಖಿಯಮ್ಮ ಬೀಡಿಯ ಬುಟ್ಟಿ ಸೊಂಟಕ್ಕಿಟ್ಟು ಆ ದಾರಿಯಲ್ಲೇ ಬಂದಳು. ಗೇಟನ್ನು ಮೊಣಕಾಲಿನಿಂದ ನೂಕಿ ದಾಟಿದಳು. ಹಿಂದೆ ಕಲ್ಲು ಇಳಿದು ಗೇಟು ಮುಚ್ಚಿಕೊಂಡಿತು. ಆಕೆ ತಿರುಗಿ ನಿಂತಳು.

"ಇಷ್ಟೇ ಕೆಲಸವಾ ಭಟ್ರೇ?"

"ಇಷ್ಟೇ" ಎಂದೆ.