ಅಪ್ಪ ಹೇಳದ ಕಲ್ಲಿನ ಹೆಸರು

ಆಗೆಲ್ಲ ಮದುವೆ ಹಂಗಾಮು ಬಂತೆಂದರೆ ಬಳ್ಳಾರಿಯ ನಮ್ಮ ಓಣಿ ತುಂಬ ಇದ್ದಿಲ ಹೊಗೆ, ಕಾದ ಅರಗು, ಹುಣಸೆಹುಳಿ. ಪತ್ತಾರರ, ಅಂದರೆ ಅಕ್ಕಸಾಲಿಗರ, ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಮರೆಯಲಾಗದು. ಬೇಸಿಗೆ ರಜೆಯಲ್ಲಿ ಓರಗೆಯ ಹುಡುಗರು ಗೋಲಿ ಆಡುತ್ತಿದ್ದರೆ, ನಾನು ಮಿರ್ಚಿ ತಿಂದ ಕೈ ಒರೆಸಿಕೊಂಡು ಅಪ್ಪನ ಎದುರು ಕೂತು, ಕೆಂಪು ಹರಳುಗಳನ್ನು ಬಿಸಿಲಿಗೆ ಹಿಡಿದು ಜಾತಿ ಹೇಳುತ್ತಿದ್ದೆ. ತಪ್ಪುತ್ತಿದ್ದುದು ಕಡಿಮೆ.

"ಬೆಲ್ಲದ ಪಾಕದಂಗ ಕಂದು ಕಾಣ್ತತಲ್ಲ, ಅದು ಗಾರ್ನೆಟ್, ಅಗ್ಗದ ಕಲ್ಲು. ಹಿಂದ ತಗಡು ಇಟ್ಟು ಕೂಡ್ಸಿದ್ರ ಮಾಣಿಕಾನ ನಾಚ್ಬೇಕು. ಆದ್ರ ಬೆಂಕಿ ತೋರಿಸ್ಬ್ಯಾಡ. ಮಾಣಿಕ ತಡೀತತಿ, ಇದು ಸೀಳ್ತತಿ," ಎನ್ನುತ್ತಿದ್ದ ಅಪ್ಪ.

ಇನ್ನೊಂದು ಮಾತನ್ನೂ ಕಲಿಸಿದ್ದ. ಹೆಣ್ಣುಮಗಳು ತವರಿನಿಂದ ತಂದ ಒಡವೆಯ ಕಲ್ಲು ಯಾವುದೆಂದು ಅವಳ ಗಂಡನ ಮನೆಯವರ ಮುಂದೆ ಪತ್ತಾರ ಬಾಯಿ ಬಿಡಬಾರದು.

ಒಂದು ಮಧ್ಯಾಹ್ನ ಸಿರುಗುಪ್ಪದ ಅಕ್ಕಿ ಮಿಲ್ಲಿನ ಮನೆಯ ಸೊಸೆ ತನ್ನ ಮೈದುನನ ಜೊತೆ ಬಂದಳು. ಓಲೆಯ ಕಡ್ಡಿ ಮುರಿದಿತ್ತು. ಸಂಜೆ ಕುರುಗೋಡಿನ ನಿಶ್ಚಿತಾರ್ಥಕ್ಕೆ ಅದು ಬೇಕಿತ್ತು. ಅಪ್ಪ ಓಲೆಯನ್ನು ಬೆಳಕಿಗೆ ತಿರುಗಿಸಿದ. ನನಗೂ ಕಂಡಿತು, ಬೆಲ್ಲದ ಬಣ್ಣ.

"ಕಲ್ಲು ತಗದು ಬೆಸುಗಿ ಹಾಕ್ಬೇಕ್ರಿ. ಬಿಟ್ಟು ಹೋಗ್ರಿ, ನಾಳೆ ಕೊಡ್ತೀನಿ."

ಮೈದುನ ನಕ್ಕ. "ಬಿಟ್ಟು ಹೋದ್ರ ನಾಳೆ ಇದಾ ಕಲ್ಲು ಬರ್ತತೇನ್ರಿ? ನಮ್ಮತ್ತಿಗಿ ತವರಿನ ಮಾಣಿಕ ಅದು. ಕಲ್ಲು ತಗೀದಂಗ ಕಣ್ಮುಂದ ಹಾಕ್ರಿ. ಮಾಣಿಕಕ್ಕ ಬೆಂಕಿ ಭಯ ಇಲ್ಲ, ನಿಮ್ಮ ಕೈಗೈತೇನು?"

ಓಲೆ ವಾಪಸ್ ಕೊಟ್ಟು ಕಳಿಸಬಹುದಿತ್ತು. ಆದರೆ ಕೈಯ ಮಾತು ಅಪ್ಪನಿಗೆ ನಾಟಿತು. ಕಲ್ಲಿಗೆ ಒದ್ದೆ ಮಣ್ಣು ಮೆತ್ತಿ, ಊದುಕೊಳವೆ ಬಾಯಿಗಿಟ್ಟ. ಬೆಸುಗೆ ಕೂಡಿತು. ಮಣ್ಣು ಬಿಡಿಸಿದರೆ ಹರಳಿನ ನಡುವೆ ಕೂದಲೆಳೆಯಂಥ ಸೀಳು.

"ಮಾಣಿಕ ಸೀಳ್ತತೇನಲೇ? ಯಾವಾಗ ಬದ್ಲಿಸಿದಿ?" ಮೈದುನನ ಬಹುವಚನ ಅಲ್ಲಿಗೆ ಮುಗಿದಿತ್ತು.

"ಅಪ್ಪಾ, ಅದು..." ಎಂದೆ.

"ಸುಮ್ನಿರಲೇ," ಎಂದ ಅಪ್ಪ. ಆಮೇಲೆ ತಲೆ ಎತ್ತದೆ, "ನನ್ನ ಕೈ ತಪ್ಪೈತ್ರಿ," ಅಂದ.

ಆ ಹೆಂಗಸು ಸೆರಗಿನ ತುದಿ ತಿರುವುತ್ತ ನೆಲ ನೋಡುತ್ತಿದ್ದಳು. ಅದು ಮಾಣಿಕವಲ್ಲವೆಂದು ಅವಳಿಗೆ ಗೊತ್ತಿತ್ತು, ಇದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಓಲೆ ಎತ್ತಿಕೊಂಡು ಮೆಟ್ಟಿಲಿಳಿದಳು.

ಕಲ್ಲು ಬದಲಿಸುವ ಪತ್ತಾರನೆಂಬ ಸುದ್ದಿ ಸಿರುಗುಪ್ಪ, ಸಿರಿಗೇರಿ, ಕುರುಗೋಡಿನ ತನಕ ಬಸ್ಸಿಗಿಂತ ಬೇಗ ಮುಟ್ಟಿತು, ಗಿರಾಕಿಗಳು ಬರುವುದು ನಿಂತಿತು. ಆ ಮಳೆಗಾಲದಲ್ಲಿ ಶಾಲೆ ಶುರುವಾದಾಗ ನಾನು ಹೋಗಲಿಲ್ಲ. ಅಪ್ಪ ಸಾಯುವ ತನಕ ಕಲ್ಲಿನ ಕೆಲಸ ಮುಟ್ಟದೆ ಬೆಳ್ಳಿ ಕಾಲುಂಗುರ ಬಡಿದ. ಅವನು ದೊಡ್ಡ ಮನಸ್ಸಿನವನು, ನಿಜ. ಆದರೆ ಅವನ ದೊಡ್ಡತನದಲ್ಲಿ ನನ್ನ ಓದೂ ಹೋಯಿತು. ಅದಕ್ಕೆ ಯಾರೂ ನನ್ನನ್ನು ಕೇಳಲಿಲ್ಲ.

ಈಗ ಪಾರ್ವತಿನಗರದಲ್ಲಿ ಸ್ವಂತ ಮನೆ ಇದೆ, ಅಂಗಡಿ ಇದೆ. ಎಲ್ಲ ಈ ಕೈಯ ದುಡಿಮೆ, ಒಬ್ಬರ ಹಂಗಿಲ್ಲ. ಕೆಂಪು ಕಲ್ಲು ಯಾರೇ ತರಲಿ, ಎದುರಿಗೆ ಅತ್ತೆಯೇ ಇರಲಿ, ಗಂಡನೇ ಇರಲಿ, ಗಾರ್ನೆಟ್ ಆಗಿದ್ದರೆ ಅವರು ಕೂರುವ ಮೊದಲೇ "ಇದು ಗಾರ್ನೆಟ್ ಐತ್ರಿ" ಅನ್ನುತ್ತೇನೆ. ಹೋದ ತಿಂಗಳು ಹಾಗೆ ಅಂದಾಗ ಹೊಸ ಮದುವಣಗಿತ್ತಿಯೊಬ್ಬಳ ಕಣ್ಣು ತುಂಬಿತು. ಅಪ್ಪನ ಅಂಗಡಿಯಾಗಿದ್ದರೆ ಆ ಹುಡುಗಿ ನಗುತ್ತ ಇಳಿದು ಹೋಗುತ್ತಿದ್ದಳು. ನನ್ನ ಹೆಸರಿಗೆ ಮಾತ್ರ ಇವತ್ತಿಗೂ ಒಂದು ಕಲೆ ಇಲ್ಲ.