ಒಂದು ಹಿಡಿ ಹುರಿಗಡಲೆ

ಮೂರು ವರ್ಷದ ಹಿಂದಿನ ಮಾತು, ನವರಾತ್ರಿಗೆ ಇನ್ನೊಂದು ವಾರವಿತ್ತು. ರಿಪ್ಪನ್‌ಪೇಟೆ ಹತ್ತಿರದ ನಮ್ಮೂರಿನಲ್ಲಿ ನಾನು ಮನೆ ಜಗಲಿಯಲ್ಲೇ ಬಟ್ಟೆ ಹೊಲಿಯುತ್ತೇನೆ. ಪಕ್ಕದ ಮನೆ ಸುಮಿತ್ರಾಳ ಮಗಳು ಸಾನ್ವಿಗೆ ಆಗ ನಾಲ್ಕು ವರ್ಷ. ಬಣ್ಣದ ಚೂರುಬಟ್ಟೆ ಆರಿಸಲು ದಿನಾ ನನ್ನ ಮಿಷನ್ ಬಳಿ ಬರುತ್ತಿದ್ದಳು.

ಆ ಮಗುವಿಗೆ ಹುಟ್ಟಿನಿಂದಲೇ ಒಂದು ಅಪರೂಪದ ಕಾಯಿಲೆ. ಹಾಲು, ಬೇಳೆ, ಮೊಟ್ಟೆ, ಕಡಲೆ ಯಾವುದೂ ಮೈಗೆ ಒಗ್ಗುವುದಿಲ್ಲ, ತಿಂದರೆ ಮಿದುಳಿಗೇ ಪೆಟ್ಟು. ಅಳತೆಯ ಅನ್ನ, ತರಕಾರಿ, ನಾತ ಹೊಡೆಯುವ ಒಂದು ಔಷಧಿ ಪುಡಿ, ಇಷ್ಟೇ ಊಟ. ಸಾಗರದಿಂದ ತಿಂಗಳಿಗೊಮ್ಮೆ ನರ್ಸಮ್ಮ ಬಂದು, ಬೆರಳು ಚುಚ್ಚಿ ರಕ್ತದ ಹನಿ ತೆಗೆದುಕೊಂಡು ಹೋಗುತ್ತಿದ್ದರು. ಒಮ್ಮೆ ಅವರು ನಮ್ಮ ಮಹಿಳಾ ಸಂಘದವರನ್ನೆಲ್ಲ ಕೂರಿಸಿ, "ಈ ಮಗೂನ ಇಡೀ ಕೇರಿ ಸೇರಿ ಕಾಯ್ಬೇಕು. ಯಾರೂ ಏನೂ ತಿನ್ನಕ್ಕೆ ಕೊಡ್ಬೇಡಿ" ಅಂದರು. ನಾವೆಲ್ಲ ತಲೆಯಾಡಿಸಿದ್ದೇ ಆಡಿಸಿದ್ದು.

ಆದರೆ ಬಾಗಿಲಿಗೆ ಬಂದ ಮಗುವನ್ನು ಬರಿಗೈಯಲ್ಲಿ ಕಳಿಸಿ ನಮಗೆ ರೂಢಿಯಿಲ್ಲ. ಗುಂಡಿ ಡಬ್ಬದ ಪಕ್ಕ ಇಟ್ಟಿರುತ್ತಿದ್ದ ಹುರಿಗಡಲೆಯಲ್ಲಿ ಒಂದು ಹಿಡಿ ಕೊಟ್ಟು, "ಅಮ್ಮಂಗೆ ಹೇಳ್ಬೇಡ" ಅನ್ನುತ್ತಿದ್ದೆ. ಒಂದು ಹಿಡಿಗೆ ಏನಾಗಿಬಿಡುತ್ತದೆ ಎಂಬ ಧೈರ್ಯ. ನನ್ನ ಕನಿಕರಕ್ಕಿಷ್ಟು ಬೆಂಕಿ ಹಾಕ.

ನವರಾತ್ರಿಗೆ ಮುಂಚಿನ ಆ ವಾರ ಬಂದ ನರ್ಸಮ್ಮ ನಮ್ಮನ್ನೆಲ್ಲ ಸುಮಿತ್ರಾಳ ಜಗಲಿಗೆ ಕರೆಸಿದರು. "ಆರು ತಿಂಗ್ಳಿಂದ ರಿಪೋರ್ಟು ಕೆಡ್ತಾನೇ ಇದೆ. ಮಗು ಮಾತಲ್ಲಿ ಹಿಂದೆ ಬಿದ್ದಿದೆ. ಯಾರು ಕೊಡ್ತಿದೀರಿ?" ಸುಮಿತ್ರಾಳ ಅತ್ತೆ, "ಇನ್ಯಾರು? ಹೆತ್ತೋಳಿಗೇ ಗಮನ ಇಲ್ಲ" ಎಂದು ಎಲ್ಲರೆದುರು ಬೈದರು. ಸುಮಿತ್ರಾ ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಆಗಲೂ ನಾನು ಸುಮ್ಮನಿದ್ದೆ. "ಸುಳ್ಳು ಆಣೆ ಹಾಕ್ಬೇಡ, ಮಗೂಗೆ ತಟ್ತದೆ" ಎಂದು ಅತ್ತೆ ಅಂದ ಮೇಲೆ ಬಾಯಿಬಿಟ್ಟೆ.

"ನಾನು ಕೊಟ್ಟಿದೀನಿ. ಸ್ವಲ್ಪ ಹುರಿಗಡಲೆ."

ಎದುರುಮನೆಯವಳು ನೆಲ ನೋಡುತ್ತ, "ನಾನೂ ಹಾಲು ಕೊಟ್ಟೆ, ಅರ್ಧ ಲೋಟ ಅಷ್ಟೇ" ಅಂದಳು. ಮೂಲೆಮನೆಯ ಅಜ್ಜಿ ಶೇಂಗಾ ಚಿಕ್ಕಿ ಅಂದರು. ಕೊನೆಗೆ ಆ ಅತ್ತೆಯೇ ಸೆರಗನ್ನು ಬಾಯಿಗೊತ್ತಿಕೊಂಡು, "ಒಂದೊಂದಿನ ಮೊಸರನ್ನ..." ಎಂದರು. ಎಲ್ಲರದೂ ಸ್ವಲ್ಪವೇ. ಹನಿ ಹನಿ ಗೂಡಿದರೆ ಹಳ್ಳ ಅನ್ನುತ್ತಾರಲ್ಲ, ಆ ಹಳ್ಳ ಮಗುವಿನ ತಲೆಗೇ ನುಗ್ಗಿತ್ತು.

ಸುಮಿತ್ರಾ ಅಳಲಿಲ್ಲ. ನನ್ನತ್ತ ತಿರುಗಿ, "ಹಸಿವು ಅಂತ ಅತ್ತಾಗ್ಲೂ ಇಲ್ಲ ಅಂದೋಳು ನಾನು. ನೀವೆಲ್ಲ ಒಳ್ಳೇವ್ರಾದ್ರಿ ಅಲ್ವಾ ಲಲಿತಕ್ಕ?" ಅಂದವಳೇ ಮಗಳನ್ನೆತ್ತಿಕೊಂಡು ಒಳಗೆ ಹೋದಳು.

ಈಗ ಸಾನ್ವಿಗೆ ಏಳು ವರ್ಷ. ರಿಪೋರ್ಟು ಸರಿಯಾಗಿದೆ. ಆದರೆ ಆಗ ಹೋದದ್ದು ಪೂರ್ತಿ ವಾಪಸು ಬರುವುದಿಲ್ಲವಂತೆ. ಓರಗೆಯ ಮಕ್ಕಳು ಶಾಲೆಯಲ್ಲಿ ಪದ್ಯ ಹೇಳುತ್ತವೆ, ಇವಳಿಗೆ ಎರಡು ಪದ ಜೋಡಿಸುವುದೇ ಕಷ್ಟ. ನನ್ನ ಗುಂಡಿ ಡಬ್ಬದ ಪಕ್ಕ ಈಗ ಏನೂ ಇಲ್ಲ. ಆದರೂ ಊಟದ ಹೊತ್ತಿಗೆ ಸುಮಿತ್ರಾ ಗದರಿದಾಗಲೆಲ್ಲ ಸಾನ್ವಿ ಓಡಿಬಂದು ನನ್ನ ಸೊಂಟ ಅಪ್ಪಿಕೊಳ್ಳುತ್ತಾಳೆ.

"ಅಮ್ಮ ಕೆಟ್ಟೋಳು. ದೊಡ್ಡಮ್ಮ ಒಳ್ಳೇವ್ಳು" ತಡೆತಡೆದು ಅನ್ನುತ್ತಾಳೆ.

ಆ ಮಾತು ಪಕ್ಕದ ಮನೆಗೂ ಕೇಳಿಸುತ್ತದೆ.